ಮುಚ್ಚಳ ಬಂದಿಲ್ಲ

ಜುಲೈ 9, ಗುರುವಾರ

ನನ್ನ ಮುದ್ದಿನ ಅಕ್ಕಾ,

ಬೈಯಬೇಡ! ನಿನ್ನ ಪತ್ರ ಬಂದು ವಾರವೇ ಆಯಿತು. ಫೋನ್ ಮಾಡಿದರೆ ನನ್ನ ದನಿಯಲ್ಲೇ ಎಲ್ಲ ಹಿಡಿದುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ನಕ್ಕುಬಿಡು, ಇಂಗ್ಲಿಷ್ ಮೀಡಿಯಂ ಹುಡುಗಿಗೆ ಇಷ್ಟು ಬಂದದ್ದೇ ಹೆಚ್ಚು. ನಿನ್ನ ಗುಂಡ ಹೇಗಿದ್ದಾನೆ? ನೀನು ಕೇಳಿದ ಅವನ ಹಾಲಿನ ಪುಡಿ... ಹೇಳುತ್ತೇನೆ, ತಾಳು.

ಮೊದಲು ನನ್ನ ಹೊಸ ಸಂಸಾರ! ಮನೆಯಲ್ಲಿ ಒಂದೇ ಸೋಪು, ಒಂದೇ ಬೆಂಕಿಪೊಟ್ಟಣ. ಮುಗಿಯುವ ಹೊತ್ತಿಗೆ ಇನ್ನೊಂದು ಬರಬೇಕಂತೆ. "ಮನೆ ಏನು ಗೋಡೌನಾ?" ಎನ್ನುತ್ತಾರೆ ಇವರು. "ನಾನೂ ಹೆಚ್ಚುವರಿ ಸಾಮಾನೇನ್ರೀ?" ಅಂದೆ. "ನಿನ್ನಂಥದ್ದು ಒಂದೇ ಪೀಸು, ಮತ್ತೆ ಸ್ಟಾಕ್ ಬರಲ್ಲ" ಅಂದರು! ನಾಚಿ ನೀರಾದೆ ಅಕ್ಕಾ.

ಗುಂಡನ ಪುಡಿ ಮಾಡುವ ಕಾರ್ಖಾನೆಯ ಗೋಡೌನು ಇವರ ಕೈಯಲ್ಲೇ ಇದೆಯಲ್ಲ, ಅಲ್ಲೂ ಇವರದು ಇದೇ ಮಂತ್ರ. ಡಬ್ಬಿ, ಚಮಚ, ಮುಚ್ಚಳ ಎಲ್ಲ ಬೆಳಿಗ್ಗೆ ಬಂದು ಸಂಜೆಗೆ ಖರ್ಚಾಗಬೇಕು. ಗೋಡೌನು ಖಾಲಿ ಮಾಡಿಸಿದ್ದಕ್ಕೆ ಮ್ಯಾನೇಜರು ಎಲ್ಲರೆದುರು ಬೆನ್ನು ತಟ್ಟಿದ್ದರು. ನಾನಂತೂ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಈಗ ಮುಚ್ಚಳ ಕೊಡುವವನ ಶೆಡ್ಡು ಸುಟ್ಟುಹೋಗಿದೆ. ಅಗ್ಗವೆಂದು ಅವನೊಬ್ಬನನ್ನೇ ಇಟ್ಟುಕೊಂಡಿದ್ದರು. ಬೇರೆಯವರ ಮುಚ್ಚಳ ಆ ಡಬ್ಬಿಗೆ ಕೂರುವುದಿಲ್ಲ, ಹೊಸ ಅಚ್ಚಿಗೆ ಎರಡು ತಿಂಗಳು ಬೇಕಂತೆ. ಪುಡಿ ಇದೆ ಅಕ್ಕಾ, ರಾಶಿ ರಾಶಿ ಇದೆ! ಹೊರಗೆ ತರುವ ಹಾಗಿಲ್ಲ.

"ಗುಂಡನಿಗೆ ಅಂತ ಒಂದು ಕವರಲ್ಲಿ ಕಟ್ಕೊಂಡ್ ಬನ್ನಿ" ಎಂದೆ.

"ಗಾಳಿ ಹೊಡೆದ ಪುಡಿ ಆ ಮಗು ಹೊಟ್ಟೆಗೆ ಹಾಕ್ತೀಯೇನೇ?" ಎಂದರು.

ಔಷಧಿ ಅಂಗಡಿಗಳನ್ನೆಲ್ಲ ಸುತ್ತಿದೆ. "ಬಂದಷ್ಟೇ ಮಾರೋದು ಮೇಡಂ, ಈಗ ಯಾರ್ ಸ್ಟಾಕ್ ಇಡ್ತಾರೆ?" ಎಂದ ಒಬ್ಬ. ಇನ್ನೊಬ್ಬ ಬೇರೆ ಪುಡಿ ತೋರಿಸಿದ. ಬೇರೆ ಹಾಲು ಒಂದು ಗುಟುಕು ಹೋದರೂ ನಮ್ಮ ಮಗುವಿಗೆ ಆಸ್ಪತ್ರೆಯೇ ಗತಿ ಎಂದೆ. ಪಾಪ, ಡಬ್ಬಿ ಒಳಗಿಟ್ಟ.

ಇವರು ಊಟಕ್ಕೆ ಕೂತರೂ ತಟ್ಟೆಯನ್ನೇ ನೋಡುತ್ತಿರುತ್ತಾರೆ. ನನಗೆ ಏನು ಮಾಡಬೇಕೋ ತೋಚುವುದಿಲ್ಲ.

ಭಾವನಿಗೆ ನಮಸ್ಕಾರ. ಗುಂಡನ ಎರಡೂ ಕೆನ್ನೆಗೆ ನನ್ನ ಮುತ್ತು. ನನ್ನ ಆಯಸ್ಸೂ ಅವನಿಗೇ ಇರಲಿ.

ನಿನ್ನ
ಚಿಟ್ಟೆ

ಮರೆತೆ: ಇವತ್ತು ಬೆಳಿಗ್ಗೆ ಇವರ ಮುಖ ಇದ್ದಕ್ಕಿದ್ದಂತೆ ಅರಳಿತು. "ಅಯ್ಯೋ, ಅಕ್ಕನ ಬೀರು ತುಂಬ ಡಬ್ಬಿ ಇದ್ವಲ್ಲೇ! ಹೋದಾಗ ನಾನೇ ನೋಡಿದೀನಿ!" ಎಂದರು. ಅವತ್ತು ನಿನ್ನ ಮನೆಯಲ್ಲಿ, "ಇಷ್ಟೊಂದು ಯಾಕೆ ಪೇರಿಸಿಟ್ಟಿದೀರಕ್ಕಾ? ಬೇಕಾದಾಗ ನಾನಿಲ್ವಾ?" ಎಂದು ತಾವೇ ಅವನ್ನೆಲ್ಲ ಆಸ್ಪತ್ರೆಗೆ ಕೊಡಿಸಿದ್ದು ಇವರಿಗೆ ನೆನಪೇ ಇಲ್ಲ. "ಹೌದಲ್ವಾ, ಇದಾವೆ" ಎಂದುಬಿಟ್ಟೆ. ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ತಿಂದು ಕೆಲಸಕ್ಕೆ ಹೋದರು.

ಅಕ್ಕಾ, ನಿನ್ನ ಹತ್ತಿರ ನಿಜಕ್ಕೂ ಎಷ್ಟು ಉಳಿದಿದೆ?