ವಾಗ್ದಾನದ ಡಬ್ಬಿ ನನ್ನ ಚೀಲದಲ್ಲಿದೆ

ರೀ,

ಊಟ ಮುಚ್ಚಿಟ್ಟಿದ್ದೇನೆ. ಬೈಬಲ್ಲಿನ ವಚನಗಳಿರುವ ವಾಗ್ದಾನದ ಕಾರ್ಡುಗಳ ಡಬ್ಬಿ ಹುಡುಕಬೇಡಿ, ನಾನೇ ಒಯ್ದಿದ್ದೇನೆ. ‘ಸುಮ್ಮನೆ ಕಾದಿರು’ ಎನ್ನುವ ವಚನ ಬರುವ ತನಕ ಕಾರ್ಡು ತೆಗೆಯುತ್ತೀರಿ, ಬೇರೆ ಬಂದರೆ ವಾಪಸು ಹಾಕುತ್ತೀರಿ. ದೇವರ ಹತ್ತಿರವೂ ಚೌಕಾಸಿಯೇ?

ಕಾಲಿನ ಪ್ಲಾಸ್ಟರ್ ಬಿಚ್ಚಿದ ಮೇಲೂ ನೀವು ಹೊಸಿಲು ದಾಟಿಲ್ಲ. ವ್ಯಾಯಾಮ ಮಾಡಿಸುವವರು ಇವತ್ತು ಬರುತ್ತಾರೆ. ಹೋದ ಸಲದ ಹಾಗೆ ನಿದ್ದೆಯ ನಾಟಕ ಆಡಿದರೆ ಇನ್ನು ಬರುವುದಿಲ್ಲವಂತೆ. ಬಾಗಿಲು ತೆಗೆಯಿರಿ.

ಕೈಹಿಡಿದು ನಡೆಸುತ್ತೇನೆಂದು ಕರ್ತನು ಮಾತು ಕೊಟ್ಟಿದ್ದಾನೆ. ಹಾಸಿಗೆ ಬಿಟ್ಟೇಳದವರನ್ನು ಆತನಾದರೂ ಹೇಗೆ ನಡೆಸಿಯಾನು?

ಮುರಿದದ್ದು ನಿಮ್ಮ ಕಾಲು, ನಿಜ. ಆದರೆ ಈ ಕೋಣೆಯಲ್ಲಿ ಸೆರೆಯಾದವರು ಇಬ್ಬರು. ಕೆಲಸ ಮುಗಿಸಿ ಮನೆ ಹತ್ತಿರ ಬರುತ್ತಿದ್ದಂತೆ ನನಗೂ ಉಸಿರು ಕಟ್ಟುತ್ತದೆ. ಸಂಜೆ ಒಂದೇ ಒಂದು ಮೆಟ್ಟಿಲು ಇಳಿದು ಕೂತಿರಿ, ಸಾಕು. ಬಂದು ಪಕ್ಕದಲ್ಲಿ ಕೂರುತ್ತೇನೆ.