ಬಲಗಿವಿಯ ದನಿ

ಜೂನ್ 3, ಸೋಮವಾರ

ನಾಲ್ಕೂವರೆಗೆ ಎದ್ದೆ. ಅಲಾರಂ ಬೇಕಾಗಿಲ್ಲ, ಇಪ್ಪತ್ತೇಳು ವರ್ಷದ ಅಭ್ಯಾಸ. ಆರರಿಂದ ಒಂಬತ್ತರವರೆಗೆ ರೇಡಿಯೋ ಶೋ. ಗಂಟಲು ಸ್ವಲ್ಪ ಕಟ್ಟಿತ್ತು. ಮನೆಗೆ ಬಂದ ಕೂಡಲೇ ಅಮ್ಮ: "ಏಳೂಕಾಲಿಗೆ ಕೆಮ್ಮಿದೆ ನೀನು. ಊರಿಗೆಲ್ಲ ಕೇಳಿಸ್ತು." ಊರೆಲ್ಲ ಈಗ ಫೋನಿನಲ್ಲೇ ಹಾಡು ಕೇಳುತ್ತದಮ್ಮ ಅನ್ನಬೇಕೆಂದುಕೊಂಡೆ.

ಹನ್ನೊಂದಕ್ಕೆ ಮತ್ತೆ ಸ್ಟೇಷನ್. ಮೀಟಿಂಗ್. ಸ್ಟೇಷನ್ ಯಜಮಾನರ ಮಗಳು ಬಂದಿದ್ದಳು. ಯಜಮಾನರು ತೀರಿಕೊಂಡ ಮೇಲೆ ಎಲ್ಲ ಅವಳದ್ದೇ. ಮಾರಿಬಿಟ್ಟಿದ್ದಾಳೆ, ಒಂದು ದೊಡ್ಡ ನೆಟ್‌ವರ್ಕಿಗೆ. ಜೂನ್ ಮೂವತ್ತು, ಮಧ್ಯಾಹ್ನ ಹನ್ನೆರಡಕ್ಕೆ ನಾವು ಬಂದ್. ಆಮೇಲೆ ಎಲ್ಲ ಊರುಗಳಿಗೂ ಒಂದೇ ಕಾರ್ಯಕ್ರಮ, ರಾಜಧಾನಿಯಿಂದ. ಹನ್ನೊಂದು ಜನ ಇದ್ದೆವು. ಯಾರೂ ಕೂಗಾಡಲಿಲ್ಲ. ಜಾಹೀರಾತು ವಿಭಾಗದವನು ಮಾತ್ರ, "ಹಾಗಾದ್ರೆ ಏಸಿ ರಿಪೇರಿ ಮಾಡ್ಸೋದು ಬೇಡ" ಅಂದ. ನಕ್ಕೆವು. ನಕ್ಕಿದ್ದಕ್ಕೆ ಆಮೇಲೆ ನಾಚಿಕೆಯಾಯಿತು.

ನನಗೊಂದು ಕೆಲಸ ಹಚ್ಚಿದ್ದಾಳೆ. ಕೊನೆಯ ಒಂದು ಗಂಟೆ, ಸ್ಟೇಷನ್ನಿನ ಇತಿಹಾಸ.

"ಮೊದಲ ದಿನದಿಂದ ಇರೋದು ನೀವು, ಇಂಜಿನಿಯರ್ ಅಂಕಲ್ ಇಬ್ರೇ. ಅಂಕಲ್ ಅಂತೂ ಮೈಕ್ ಕಂಡ್ರೆ ಬಾಯೇ ಬಿಡಲ್ಲ. ನೀವೇ ಮಾಡ್ಬೇಕು ಆಂಟಿ. ಬೆಂಕಿ ದಿನದ ರೆಕಾರ್ಡಿಂಗ್ ಮಾತ್ರ ಇರ್ಲೇಬೇಕು. ಅದು ನಮ್ಮ ಹೆಮ್ಮೆ."

ಆಗಲಿ ಅಂದೆ.

ಜೂನ್ 10, ಸೋಮವಾರ

ಬೀರುವಿನ ತುಂಬ ಟೇಪು. ಧೂಳು ಕೊಡವಿ ಕೊಡವಿ ಸೀನು. ಇಂಜಿನಿಯರ್ ಹಳೇ ಟೇಪ್ ಡೆಕ್ ಹೊರತೆಗೆದು, ಬೆಲ್ಟ್ ಬದಲಿಸಿ ಕೊಟ್ಟರು.

ಮೊದಲ ವರ್ಷ. ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆ. ಸದ್ದು ತಡೆಯಲು ಗೋಡೆಗೆ ಹಾಸಿಗೆ ಬಡಿದಿದ್ದೆವು. ಮೊದಲ ಜಾಹೀರಾತೂ ಅದೇ ಹಾಸಿಗೆ ಅಂಗಡಿಯದ್ದು. ಓದುವಾಗ ಆಕಳಿಸಿದ್ದೆ! ಅಂಗಡಿಯವನಿಗೆ ಅದೇ ಇಷ್ಟವಾಗಿ, ಇನ್ನು ಮುಂದೆ ದಿನಾ ಆಕಳಿಸಿ ಅಂದಿದ್ದ. ಎರಡು ತಿಂಗಳು ಆಕಳಿಸಿದೆ.

ಎರಡನೆಯ ವರ್ಷ — ಕಳೆದುಹೋದ ಗಿಳಿ. ಯಾರದೋ ಕಿಟಕಿಗೆ ಬಂದು ನಮ್ಮ ಸ್ಟೇಷನ್ನಿನ ಟ್ಯೂನ್ ಶಿಳ್ಳೆ ಹಾಕಿ ಸಿಕ್ಕಿಬಿತ್ತು. ಐದನೆಯ ವರ್ಷ — ಪರೀಕ್ಷೆ ಫಲಿತಾಂಶ, ನಂಬರು ಓದಿ ಓದಿ ದನಿ ಬಿದ್ದುಹೋದದ್ದು.

ಆರನೆಯ ವರ್ಷದ ಟೇಪಿನಲ್ಲಿ ಅವನು. ನಮ್ಮ ವರದಿಗಾರ. "ಮಾರುಕಟ್ಟೆಯಿಂದ ನೇರವಾಗಿ..." ಅಂದವನು, ಹಿಂದಿನಿಂದ ಯಾರೋ ನೂಕಿದ್ದಕ್ಕೆ "ಏಯ್ ನೋಡ್ಕೊಂಡು!" ಅಂದಿದ್ದಾನೆ. ನಗು ಬಂತು. ಡೆಕ್ ನಿಲ್ಲಿಸಿದೆ.

ಅವನೊಂದಿಗೆ ನನ್ನ ಮದುವೆ ಗೊತ್ತಾಗಿತ್ತು. ಇಲ್ಲಿ ಬರೆದುಕೊಂಡರೆ ಏನಾಯಿತು, ಯಾರು ಓದುತ್ತಾರೆ?

ಜೂನ್ 14, ಶುಕ್ರವಾರ, ಮಧ್ಯಾಹ್ನ ಮೂರು

ಕ್ರಮವಾಗಿ ಬರೆಯುತ್ತೇನೆ.

ಹತ್ತೊಂಬತ್ತು ವರ್ಷದ ಹಿಂದೆ ಬಣ್ಣದ ಕಾರ್ಖಾನೆಗೆ ಬೆಂಕಿ ಬಿತ್ತು. ಬೆಳಗಿನ ಪಾಳಿಯಲ್ಲಿ ಇನ್ನೂರು ಜನ. ಊರಿಗೆಲ್ಲ ನಾವೇ ಸುದ್ದಿ. ವರದಿಗಾರ ಆಸ್ಪತ್ರೆಯಲ್ಲಿ ನಿಂತು, ಕ್ಷೇಮವಾಗಿರುವವರ ಹೆಸರುಗಳನ್ನು ಫೋನಿನಲ್ಲಿ ಹೇಳುತ್ತಿದ್ದ. ನಾನು ಚೀಟಿಯಲ್ಲಿ ಬರೆದುಕೊಂಡು ಮೈಕಿನಲ್ಲಿ ಓದುತ್ತಿದ್ದೆ. ಹನ್ನೊಂದು ಗಂಟೆ ಹೊತ್ತು ಕುರ್ಚಿ ಬಿಟ್ಟು ಏಳಲಿಲ್ಲ. ಆಮೇಲೆ ಸನ್ಮಾನ, ಫೋಟೋ, ಎಲ್ಲ ಆಯಿತು.

ಒಂದು ಹೆಸರು ತಪ್ಪಿತ್ತು. ಒಂದೇ ಹೆಸರಿನ ಇಬ್ಬರಿದ್ದರು. ಒಬ್ಬ ಪ್ಯಾಕಿಂಗಿನವನು, ಅವನಿಗೆ ಏನೂ ಆಗಿರಲಿಲ್ಲ. ಇನ್ನೊಬ್ಬ ಬಾಯ್ಲರಿನವನು. ಬರೀ ಹೆಸರು ಓದಿದ್ದೆ; ಅಪ್ಪನ ಹೆಸರಿಲ್ಲ, ವಿಭಾಗ ಇಲ್ಲ. ಬಾಯ್ಲರಿನವನ ಹೆಂಡತಿ ರೇಡಿಯೋ ಕೇಳಿ, ಗಂಡ ಕ್ಷೇಮ ಎಂದು ಮನೆಯಲ್ಲೇ ಕಾದಳು. ಅವನು ಮಧ್ಯಾಹ್ನ ಎರಡರವರೆಗೆ ಆಸ್ಪತ್ರೆಯಲ್ಲಿ ಜೀವ ಹಿಡಿದುಕೊಂಡಿದ್ದ. ಹತ್ತಿರ ಯಾರೂ ಇರಲಿಲ್ಲ.

ಮರುದಿನ ಯಜಮಾನರು ಕೇಳಿದರು. ಅವನು ಹೇಳಿದ್ದನ್ನೇ ಓದಿದೆ ಅಂದೆ. ಚೀಟಿ ತೋರಿಸಿದೆ, ಬರೀ ಹೆಸರಿತ್ತು. ಅವನನ್ನು ತೆಗೆದುಹಾಕಿದರು. ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದ್ದೆ, "ಅಪ್ಪನ ಹೆಸರು ಯಾಕೆ ಹೇಳ್ಲಿಲ್ಲ ನೀನು?" ಅವನು ನನ್ನನ್ನೇ ನೋಡಿದ. ಉತ್ತರ ಕೊಡದೆ ಇಳಿದು ಹೋದ. ಆ ನೋಟವನ್ನು ತಪ್ಪೊಪ್ಪಿಗೆ ಅಂದುಕೊಂಡೆ. ಮದುವೆ ಬೇಡ ಎಂದು ನಾನೇ ಹೇಳಿಕಳಿಸಿದೆ.

ಆ ದಿನದ ಟೇಪನ್ನು ತನಿಖೆಗೆಂದು ಪೊಲೀಸರು ಒಯ್ದಿದ್ದರು. ಮೂರು ವರ್ಷದ ಮೇಲೆ ಸೀಲು ಹಾಕಿ ವಾಪಸ್ ಕೊಟ್ಟರು. ಆಗ ಯಾರಿಗೂ ಅದು ಬೇಕಿರಲಿಲ್ಲ. ಇವತ್ತು ನಾನೇ ಸೀಲು ಒಡೆದೆ. ಹೆಡ್‌ಫೋನಿನ ಎಡಗಿವಿಯಲ್ಲಿ ಪ್ರಸಾರವಾದದ್ದು, ನನ್ನ ದನಿ. ಬಲಗಿವಿಯಲ್ಲಿ ಫೋನ್ ಲೈನ್. ಇಂಜಿನಿಯರ್ ಆಗ ವೈರಿಂಗ್ ಹಾಗೆ ಮಾಡಿದ್ದರಂತೆ.

ಬಲಗಿವಿಯಲ್ಲಿ ಅವನು ಹೆಸರು ಹೇಳುತ್ತಾನೆ. ಅಪ್ಪನ ಹೆಸರು ಹೇಳುತ್ತಾನೆ. "ಪ್ಯಾಕಿಂಗ್ ವಿಭಾಗ. ಹುಷಾರು, ಇದೇ ಹೆಸರಿನವರು ಇನ್ನೊಬ್ರಿದಾರೆ. ಬರ್ಕೊಂಡ್ಯಾ?"

ನನ್ನ ದನಿ: "ಹೂಂ ಹೂಂ. ಮುಂದೆ."

ಏಳು ಸಲ ಕೇಳಿದೆ. ಹೂಂ ಹೂಂ. ಮುಂದೆ.

ಜೂನ್ 15, ಶನಿವಾರ

ಶೋ ಮಾಡಿದೆ. ಏನು ಮಾತಾಡಿದೆನೋ ಗೊತ್ತಿಲ್ಲ.

ಜೂನ್ 22, ಶನಿವಾರ

ಒಂದು ವಾರ ಏನೂ ಬರೆಯಲಿಲ್ಲ. ಇಂಜಿನಿಯರಿಗೆ ಟೇಪ್ ಕೇಳಿಸಿದೆ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. "ಆ ಹೆಣ್ಮಗಳು ಈಗ ಅದೇ ಕಾರ್ಖಾನೆ ಗೇಟಲ್ಲಿದಾಳೆ" ಅಂದರು, ಅಷ್ಟೇ.

ಇವತ್ತು ಹೋದೆ. ಗೇಟಿನ ಪಕ್ಕ ಸಣ್ಣ ಕೋಣೆ, ಒಂದು ಫ್ಯಾನು, ಒಂದು ರಿಜಿಸ್ಟರ್. ಗಂಡ ಹೋದ ಮೇಲೆ ಕೊಟ್ಟ ಕೆಲಸ. ಒಳಗೆ ಹೋಗುವವರ ಹೆಸರು ಬರೆದುಕೊಳ್ಳುವುದು. ಒಂದೊಂದು ಹೆಸರಿನ ಮುಂದೆಯೂ ಅಪ್ಪನ ಹೆಸರು, ದುಂಡಗಿನ ಅಕ್ಷರ. ನನ್ನ ದನಿ ಕೇಳಿದೊಡನೆ ಗುರುತು ಹಿಡಿದಳು.

"ರೇಡಿಯೋ ಅಕ್ಕ ಅಲ್ವಾ? ಕೂತ್ಕೊಳ್ಳಿ."

ಹೇಳಿದೆ. ಒಂದೇ ಉಸಿರಿಗೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಇದನ್ನ ನಂಗೀಗ ಯಾಕೆ ಹೇಳ್ತಿದೀರಾ? ನಿಮ್ಮ ಮನಸ್ಸು ಹಗುರ ಆಗ್ಲಿ ಅಂತಾನಾ?"

ರಿಜಿಸ್ಟರ್ ಮುಚ್ಚಿ ಪಕ್ಕಕ್ಕಿಟ್ಟಳು.

"ಅವತ್ತು ಹೆಸರು ಕೇಳಿದ ಮೇಲೆ ಅವರ ಅಂಗಿಗೆ ಇಸ್ತ್ರಿ ಹಾಕಿದೆ ನಾನು. ಮನೆಗೆ ಬಂದು ಬದಲಾಯಿಸ್ಕೋತಾರೆ, ಮೈಯೆಲ್ಲ ಹೊಗೆ ವಾಸನೆ ಇರುತ್ತೆ ಅಂತ. ನಮ್ಮನೆಯಿಂದ ಆಸ್ಪತ್ರೆಗೆ ಹತ್ತು ನಿಮಿಷ ಅಕ್ಕ. ನಡ್ಕೊಂಡು ಹೋದ್ರೂ ಹತ್ತು ನಿಮಿಷ."

ಹೊರಗೆ ಲಾರಿ ಹಾರ್ನ್ ಹೊಡೆಯಿತು. ಎದ್ದು ಹೋಗಿ ಗೇಟು ತೆಗೆದಳು, ಹೆಸರು ಬರೆದುಕೊಂಡಳು, ಬಂದಳು.

"ಆ ವರದಿಗಾರರು ಬಂದಿದ್ರು. ಹದಿನೈದು ದಿನ ಆಗಿತ್ತು. ಬಾಗಿಲಲ್ಲಿ ನಿಂತು, 'ನಮ್ಮಿಂದ ತಪ್ಪಾಯ್ತು' ಅಂದ್ರು. 'ನಮ್ಮಿಂದ' ಅಂದ್ರು. ನಾನು ಚಪ್ಪಲಿ ಎತ್ಕೊಂಡೆ. ಅವರಿಗೆ ಹೋಗಿ ಹೇಳಿ. ನಂಗಲ್ಲ."

ಜೂನ್ 26, ಬುಧವಾರ

ಪಕ್ಕದ ಊರಿನ ಕೋರ್ಟಿನ ಎದುರು ವರದಿಗಾರನ ಝೆರಾಕ್ಸ್ ಅಂಗಡಿ, ವಿಳಾಸ ಇಂಜಿನಿಯರ್ ಕೊಟ್ಟಿದ್ದು. ಬಸ್ಸಿನಲ್ಲಿ ಎರಡು ಗಂಟೆ. ಅವನ ತಲೆ ಪೂರ್ತಿ ನರೆತಿದೆ. ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಳ್ಳುವುದು ಮಾತ್ರ ಹಾಗೇ ಇದೆ. ನನ್ನನ್ನು ನೋಡಿದ. ನಿಂತಿದ್ದ ಗಿರಾಕಿಗೆ, "ಎರಡೂ ಕಡೆ ಬೇಕಾ ಸಾರ್?" ಅಂದ. ಆ ಮೂವತ್ತು ಪುಟ ಮುಗಿಯುವವರೆಗೆ ನನ್ನ ಕಡೆ ತಿರುಗಲಿಲ್ಲ.

"ಸ್ಟೇಷನ್ ಮುಚ್ತಾರಂತೆ" ಅಂದ ಆಮೇಲೆ.

"ಹೂಂ. ಟೇಪ್ ಕೇಳಿದೆ. ಬೆಂಕಿ ದಿನದ್ದು. ನಂಗೆ ಗೊತ್ತಿರ್ಲಿಲ್ಲ."

"ಏನು ಗೊತ್ತಿರ್ಲಿಲ್ಲ?"

"ನೀನು ಅಪ್ಪನ ಹೆಸರು ಹೇಳಿದ್ದೆ ಅಂತ. ಹುಷಾರು ಅಂದಿದ್ದೆ ಅಂತ. ನಂಗೆ ಕೇಳಿಸಿರಲೇ ಇಲ್ಲ, ಇಲ್ಲಾ ಕೇಳಿಸಿ..."

ಅವನು ಮಿಷನ್ ಆಫ್ ಮಾಡಿದ.

"ಸುಳ್ಳು ಹೇಳ್ಬೇಡ."

"ಇಲ್ಲ. ನಿಜವಾಗ್ಲೂ."

"ಆಸ್ಪತ್ರೆ ಕಾರಿಡಾರಲ್ಲಿ ಯಾರೋ ರೇಡಿಯೋ ಇಟ್ಕೊಂಡಿದ್ರು. ನೀನು ಓದಿದ್ದು ನಾನು ಕೇಳಿಸ್ಕೊಂಡೆ. ಕೂಡ್ಲೇ ಫೋನ್ ಮಾಡಿದೆ, ಲೈನ್ ಸಿಗ್ಲಿಲ್ಲ. ಇಡೀ ಊರು ನಿಂಗೇ ಫೋನ್ ಮಾಡ್ತಿತ್ತು." ಕಿವಿಯ ಮೇಲಿನ ಪೆನ್ನು ತೆಗೆದು, "ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ. ಗೊತ್ತಿದ್ದೂ ನನ್ನ ಹೆಸರು ಹೇಳಿದೀಯ ಅಂತ. ಆಮೇಲೆ ಮೆಟ್ಟಿಲ ಹತ್ರ ನನ್ನನ್ನೇ ಕೇಳಿದ್ಯಲ್ಲ... ಎಷ್ಟು ಚೆನ್ನಾಗಿ ನಾಟಕ ಆಡ್ತಾಳೆ ಅನ್ನಿಸ್ತು. ಅದಕ್ಕೇ ಮಾತೇ ಬರ್ಲಿಲ್ಲ."

ಹತ್ತೊಂಬತ್ತು ವರ್ಷ. ನಾನು ಅವನನ್ನು ತಪ್ಪು ಮಾಡಿ ಒಪ್ಪದವನು ಅಂದುಕೊಂಡೆ. ಅವನು ನನ್ನನ್ನು...

"ಒಂದು ಮಾತು ಅಂದಿದ್ರೆ..." ಅಂದೆ.

"ನೀನೂ ಒಂದು ಸಲ ಸರಿಯಾಗಿ ಕೇಳಬಹುದಿತ್ತು. 'ಯಾಕೆ ಹೇಳ್ಲಿಲ್ಲ' ಅಂದೆ. 'ಹೇಳಿದ್ಯಾ' ಅಂತ ಕೇಳ್ಲಿಲ್ಲ."

ರೇಡಿಯೋದಲ್ಲಿ ಹೇಳುತ್ತೇನೆ ಅಂದೆ. ಭುಜ ಕುಣಿಸಿದ. ಹೆಂಡತಿ ಊಟದ ಡಬ್ಬಿ ತಂದಳು. ಒಳ್ಳೆಯ ಮುಖ. "ಯಾರು?" ಅಂದಳು. "ಹಳೇ ಆಫೀಸಿನವರು" ಅಂದ.

ಜೂನ್ 29, ಶನಿವಾರ

ಅಮ್ಮನಿಗೆ ಹೇಳಿದೆ. "ಒಳ್ಳೆ ಹುಡುಗ ಅಂತ ನಾನು ಆಗ್ಲೇ ಹೇಳಿದ್ದೆ" ಅಂದಳು. ಹೇಳಿರಲಿಲ್ಲ. ವಾಚಾಮಗೋಚರ ಬೈದಿದ್ದಳು. ನಾನೇ ಬೈಸಿದ್ದೆ.

ಜೂನ್ 30, ಭಾನುವಾರ

ಹಾಸಿಗೆ, ಆಕಳಿಕೆ, ಗಿಳಿ ಎಲ್ಲ ಆಯಿತು. ಗಾಜಿನಾಚೆ ಎಲ್ಲರೂ ನಗುತ್ತಿದ್ದರು. ಹನ್ನೊಂದೂ ನಲವತ್ತಕ್ಕೆ ಬೆಂಕಿ ದಿನದ ಟೇಪ್. ಎರಡೂ ಕಿವಿಯದ್ದು ಸೇರಿಸಿ ಹಾಕಿದೆ. ಅವನ ದನಿ, ಅಪ್ಪನ ಹೆಸರು, ವಿಭಾಗ. ಹೂಂ ಹೂಂ, ಮುಂದೆ.

ಆಮೇಲೆ ಮೈಕ್ ತೆರೆದೆ. ತಪ್ಪು ನಮ್ಮ ವರದಿಗಾರರದ್ದಲ್ಲ, ನನ್ನದು ಅಂದೆ. ತೀರಿಹೋದವರ ಹೆಸರು, ಅವರ ತಂದೆಯ ಹೆಸರು, ಬಾಯ್ಲರ್ ವಿಭಾಗ ಎಂದು ಪೂರ್ತಿ ಓದಿದೆ. ವರದಿಗಾರನ ಹೆಸರನ್ನೂ ಪೂರ್ತಿ ಹೇಳಿದೆ. ಯಜಮಾನರ ಮಗಳು ಎದ್ದು ಸ್ಟುಡಿಯೋ ಬಾಗಿಲಿಗೆ ಬಂದಳು. ಇಂಜಿನಿಯರ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಕೈ ಕಟ್ಟಿಕೊಂಡು, ನನ್ನನ್ನೇ ನೋಡುತ್ತ.

ಹನ್ನೆರಡಕ್ಕೆ ಅವರೇ ದನಿ ತಗ್ಗಿಸುವ ಫೇಡರ್ ಇಳಿಸಿದರು. ಕ್ಷಣ ಹೊತ್ತು ಸುಯ್ ಎಂಬ ಸದ್ದು. ಆಮೇಲೆ ಯಾರದೋ ಹಾಡು.

ಸಂಜೆ ಎರಡು ಫೋನ್. ಮೊದಲನೆಯದು ಗೇಟಿನವಳ ಮಗಳು. "ಅಮ್ಮ ಕೇಳಿದ್ರು. ತಾತನ ಹೆಸರು ಸರಿಯಾಗಿ ಓದಿದ್ರಿ ಅಂದ್ರು. ಅಷ್ಟೇ ಅಂದ್ರು."

ಎರಡನೆಯದು ಅವನ ಹೆಂಡತಿ.

"ಮನೇಲಿ ಎಲ್ಲಾರೂ ಕೇಳಿದ್ವಿ. ಇವರು ರೇಡಿಯೋದಲ್ಲಿದ್ರು ಅಂತಾನೇ ಮಕ್ಕಳಿಗೆ ಗೊತ್ತಿರ್ಲಿಲ್ಲ. ಅಪ್ಪನ ದನಿ ಎಷ್ಟು ಚೆನ್ನಾಗಿದೆ ಅಂತಿದಾರೆ. ಇವರು ಹೊರಗಡೆ ಮೆಟ್ಟಿಲ ಮೇಲೆ ಕೂತಿದಾರೆ, ಆವಾಗಿಂದ ಅಳ್ತಿದಾರೆ." ದನಿ ತಗ್ಗಿಸಿದಳು. "ನೀವು ಹೇಳಿದ್ದು ಒಳ್ಳೇದಾಯ್ತು. ಆದ್ರೆ ಇನ್ನು ಬರ್ಬೇಡಿ. ತಪ್ಪು ತಿಳ್ಕೋಬೇಡಿ. ದಯವಿಟ್ಟು ಬರ್ಬೇಡಿ."

ಬರಲ್ಲ ಅಂದೆ.

ಜುಲೈ 1, ಸೋಮವಾರ

ಬಸ್ ಸ್ಟಾಪಿಗೆ ಹೋಗಿ ಕೂತೆ. ಅವನ ಊರಿನ ಕಡೆಯ ಬಸ್ಸು ಎರಡು ಹೋದವು. ಮೂರನೆಯದರ ಕಂಡಕ್ಟರ್ ತಲೆ ಹೊರಹಾಕಿ, "ಬರ್ತೀರೇನಮ್ಮಾ?" ಅಂದ. ಇಲ್ಲಪ್ಪ ಅಂದೆ. ಮನೆಗೆ ಬಂದೆ.

ಇಷ್ಟು ವರ್ಷ ಅವನ ಮೇಲೆ ಸಿಟ್ಟಿತ್ತು. ದಿನಾ ಬೆಳಗ್ಗೆ ಮೈಕ್ ತೆರೆಯುವಾಗ, ಎಲ್ಲಿದ್ದರೂ ಕೇಳಲಿ, ಉರಿದುಕೊಳ್ಳಲಿ ಅಂತಲೇ ನಗುನಗುತ್ತ ಮಾತಾಡುತ್ತಿದ್ದೆ. ಯಾರಿಗೂ ಹೇಳಿಲ್ಲ ಇದನ್ನು. ಅಂದರೆ ದಿನಾ ಅವನ ಜೊತೆಗೇ ಮಾತಾಡುತ್ತಿದ್ದೆ. ಈಗ ಸಿಟ್ಟೂ ಇಲ್ಲ, ಮೈಕೂ ಇಲ್ಲ. ಇನ್ನು ಯಾರ ಜೊತೆ ಮಾತಾಡಲಿ?