ದೂರದ ತುದಿಯ ಬಲ್ಬು

ಹೈದರಾಬಾದ್
೧೦ ಡಿಸೆಂಬರ್ ೨೦೦೦

ಪ್ರೀತಿಯ ಅಪ್ಪಾಜಿಗೆ,

ನಿಮ್ಮ ಸುಭದ್ರಾಳ ನಮಸ್ಕಾರ. ನಿಮ್ಮ ಪತ್ರ ಬಂದು ಬಹಳ ದಿನವಾಯಿತು, ಸಾರಿ. ಬರೆಯಲು ಕೂತಾಗಲೆಲ್ಲ ಟೆನ್ಶನ್ ಆಗಿ ಪೆನ್ನು ಮುಚ್ಚಿಡುತ್ತಿದ್ದೆ. ಕಂಪ್ಯೂಟರ್ ಬ್ರಾಂಚಿನಲ್ಲಿ ಸೀಟು ಖಾಲಿ ಬಿದ್ದಿದೆಯೆಂದು ತಿಳಿದು, ನನ್ನನ್ನು ಎಲೆಕ್ಟ್ರಿಕಲ್ಲಿನಿಂದ ಅದಕ್ಕೆ ಬದಲಿಸಲು ಕರೆಂಟಿನ ಟವರ್ ಲೈನಿನ ಕ್ಯಾಂಪಿನಿಂದಲೇ ನಮ್ಮ ಪ್ರಿನ್ಸಿಪಾಲರ ಹತ್ತಿರ ಫೋನಿನಲ್ಲಿ ಮಾತಾಡಿದ್ದೀರಿ. ಥ್ಯಾಂಕ್ಸ್ ಎಂದರೆ ಸಾಲದು. ತಿಂಗಳ ಕೊನೆಯೊಳಗೆ ನಾನು ಹೂಂ ಅಥವಾ ಉಹೂಂ ಅನ್ನಬೇಕು.

ರೂಮ್‌ಮೇಟ್ ಚಿತ್ರಾ, "ಹುಚ್ಚಿ ಏನ್ ನೀ? ಹೈಟೆಕ್ ಸಿಟಿಯ ಕಂಪ್ಯೂಟರ್ ಕೆಲಸ ಕೈಮಾಡಿ ಕರಿಯಾಕತ್ತೈತಿ, ನೀ ಕಂಬ ಹತ್ತತೀನಿ ಅಂತಿ!" ಎಂದು ನಗುತ್ತಾಳೆ.

ಆದರೆ ಮೊನ್ನೆ ಲ್ಯಾಬಿನಲ್ಲಿ ನಡೆದದ್ದು ಕೇಳಿ. ಪ್ರಫುಲ್ಲಾ ಮೇಡಂ ಕೋಠಿ ಬಜಾರಿನಿಂದ ತರಿಸಿದ ಸಣ್ಣ ತಂತಿಯನ್ನು ಗೋಡೆಯಿಂದ ಗೋಡೆಗೆ ಹಲವು ಸುತ್ತು ಎಳೆದು, ದೂರದ ತುದಿಗೆ ಬಲ್ಬು ಹಚ್ಚಿದರು. ಬರೀ ಮಂಕು ಕೆಂಪು. ಮೈಸೂರಿನ ಮನೋಜ, "ಇನ್ನೊಂದು ಬಲ್ಬ್ ಹಾಕಿ ಮೇಡಂ, ಎರಡು ಸೇರಿದ್ರೆ ಬೆಳಕು ಬರುತ್ತೆ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಹಾಕಿದರೆ ಎರಡೂ ಇನ್ನಷ್ಟು ಮಂಕು! ತಂತಿ ಮುಟ್ಟಿದರೆ ಬಿಸಿ. ಶಕ್ತಿಯೆಲ್ಲ ದಾರಿಯಲ್ಲೇ ಖರ್ಚು.

"ಈಗೇನು ಮಾಡುವುದು?" ಎಂದು ಮೇಡಂ ಇಂಗ್ಲಿಷಿನಲ್ಲಿ ಕೇಳಿದರು. ಹೆಸರು ಕರೆಯದೆ ಬಾಯಿ ಬಿಡಬಾರದು, ಬಿಟ್ಟರೆ ಇಂಗ್ಲಿಷೇ ಎಂದು ಹಾಸ್ಟೆಲಿನಲ್ಲಿ ಕಲಿತವಳು ನಾನು. ಹಿಂದಿನ ದಿನ ಓದಿದ್ದು ನೆನಪಾಗಿ ಎದ್ದು ನಿಂತವಳೇ, "ವೋಲ್ಟೇಜ್ ಏರಿಸ್ರಿ ಮೇಡಂ, ಕರೆಂಟ್ ಕಡಿಮಿ ಸಾಕಾಗತೈತಿ!" ಎಂದು ಕನ್ನಡದಲ್ಲೇ ಅಂದುಬಿಟ್ಟೆ. ತೆಲುಗು ಹುಡುಗರು "ಏಮಂಟುಂದಿ ರಾ?", ಏನಂತಾಳೋ ಇವಳು, ಎಂದು ನಕ್ಕರು. ಮೇಡಂ ಮಾತ್ರ ತಾವೂ ಕನ್ನಡದಲ್ಲೇ, "ನಮ್ಮ ಬೀದರ ಕಡೀಯಾಕಿ ಏನವಾ ನೀ? ಬಾ, ನೀನೇ ಹಚ್ಚು" ಎಂದರು.

ಈ ತುದಿಗೊಂದು, ಆ ತುದಿಗೊಂದು ಟ್ರಾನ್ಸ್‌ಫಾರ್ಮರ್ ಹಚ್ಚಿದೆ. ಇದು ವೋಲ್ಟೇಜ್ ಏರಿಸಿತು, ಅದು ಇಳಿಸಿತು. ಅದೇ ತಂತಿ, ಅದೇ ಬಲ್ಬು, ಝಗ್ಗೆಂದು ಹತ್ತಿತು! ವೋಲ್ಟೇಜ್ ಹತ್ತು ಪಟ್ಟಾದರೆ ಅಷ್ಟೇ ಶಕ್ತಿಗೆ ಹತ್ತರಲ್ಲೊಂದು ಪಾಲು ಕರೆಂಟ್ ಸಾಕು. ತಂತಿ ಬಿಸಿಯಾಗಿ ಹೋಗುವ ನಷ್ಟ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ.

ನಿಮ್ಮ ಟವರುಗಳು ಅಷ್ಟೆತ್ತರ ಏಕೆ, ತಂತಿ ತೂಗುಹಾಕುವ ಪಿಂಗಾಣಿ ಬಿಲ್ಲೆಗಳ ಸರ ಅಷ್ಟುದ್ದ ಏಕೆ ಎಂದು ಆಗ ಹೊಳೆಯಿತು. ಅಷ್ಟು ವೋಲ್ಟೇಜನ್ನು ನೆಲಕ್ಕೂ ಕಬ್ಬಿಣಕ್ಕೂ ತಾಗದಂತೆ ಒಯ್ಯಬೇಕಲ್ಲ! ಲೈನು ಸರಿದಂತೆ ಡೇರೆ ಕಿತ್ತು ಊರೂರು ಅಲೆದು ನೀವು ಎಳೆದ ತಂತಿಯಿಂದ ಎಷ್ಟು ಮನೆಗಳಲ್ಲಿ ಮಕ್ಕಳು ಓದುತ್ತಿದ್ದಾರೋ. ನಿಮ್ಮ ಮಗಳೆಂದು ಅವತ್ತು ಬಹಳ ಹೆಮ್ಮೆಯಾಯಿತು.

"ನೀನಾರ ಒಂದ ಊರಾಗ, ಫ್ಯಾನಿನ ಕೆಳಗ ಕುಂತು ಉಣ್ಣವಾ" ಎಂದು ಬರೆದಿದ್ದೀರಿ. ನಿಮ್ಮ ಕಳಕಳಿ ತಿಳಿಯುತ್ತದೆ. ಆದರೂ ನನಗೆ ಎಲೆಕ್ಟ್ರಿಕಲ್ಲೇ ಇರಲಿ, ಪ್ಲೀಸ್. ನಿಮ್ಮ ಮನಸ್ಸು ನೋಯಿಸಿ ಉಳಿಯುವ ಧೈರ್ಯ ನನಗಿಲ್ಲ. ನಾನು ಇದರಲ್ಲೇ ಉಳಿಯಲು ನೀವೇ ಹೂಂ ಅನ್ನಿ.

ಮೇಲೆ ಹತ್ತುವಾಗ ಬೆಲ್ಟು ಮರೆಯಬೇಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಮಗಳು
ಸುಭದ್ರಾ

ತಾ.ಕ.: ಅವ್ವ ತೀರಿಕೊಂಡ ವರ್ಷವೇ ನನ್ನನ್ನು ಹಾಸ್ಟೆಲಿಗೆ ಬಿಟ್ಟಿರಿ. ಅಂದಿನಿಂದ ಪ್ರತಿ ರಜೆಗೂ ಶಿವದೇವಿ ದೊಡ್ಡವ್ವನ ಮನೆ. "ಕ್ಯಾಂಪ್ ಹೆಣ್ಮಕ್ಕಳು ಇರೋ ಜಾಗ ಅಲ್ಲ" ಅನ್ನುತ್ತಿದ್ದಿರಿ. ನನ್ನ ಮುಖ ನೋಡಿದರೆ ಅವ್ವನ ನೆನಪಾಗುತ್ತದೆ, ಅದಕ್ಕೇ ಕರೆಯುವುದಿಲ್ಲ ಎಂದು ನಾನು ತಿಳಿದಿದ್ದೆ. ಈಗಲೂ ಒಮ್ಮೊಮ್ಮೆ ಹಾಗೇ ಅನ್ನಿಸುತ್ತದೆ. ಈ ಸಂಕ್ರಾಂತಿಗೆ ಕ್ಯಾಂಪಿಗೆ ಬರಲೇ? ಟವರು ನೋಡಲಿಕ್ಕಲ್ಲ. ನೀವು ಎಲ್ಲಿ ಮಲಗುತ್ತೀರಿ, ಯಾವ ತಟ್ಟೆಯಲ್ಲಿ ಉಣ್ಣುತ್ತೀರಿ, ನಾನು ಒಂದು ಸಲವೂ ನೋಡಿಲ್ಲ. ಬೇಕಾದರೆ ಸೀಟಿನ ವಿಷಯದಲ್ಲಿ ನೀವು ಹೇಳಿದಂತೆಯೇ ಆಗಲಿ; ಇದೊಂದಕ್ಕೆ ಬೇಡ ಅನ್ನಬೇಡಿ.